ಛೀ ಅನ್ನುವ ಮನಸ್ಸು: ಹೇಸಿಗೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಯ, ಸಿಟ್ಟು, ದುಃಖದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹೇಸಿಗೆಯ ಬಗ್ಗೆ ಮಾತಾಡಲೂ ಹೇಸುತ್ತಾರೆ. ಆದರೆ ಯಾರಾದರೂ ವಿಷಯ ಎತ್ತಿದರೆ ಸಾಕು, ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಮತ್ತೆ ಮತ್ತೆ ಕಿವಿಗೆ ಬಿದ್ದವನ್ನು, ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ. ಊಟದ ತಟ್ಟೆ ಮುಂದಿದ್ದರೆ ಸದ್ಯಕ್ಕೆ ಓದಬೇಡಿ.

## ಶುರುವಿನ ಪ್ರಶ್ನೆಗಳು

ಹೇಸಿಗೆ ಅಂದ್ರೆ ಸುಮ್ನೆ 'ಇಷ್ಟ ಇಲ್ಲ' ಅನ್ನೋದೇ ತಾನೇ?

ಅಲ್ಲ. ಕಹಿ ಔಷಧ ನಿಮಗೆ ಇಷ್ಟವಿಲ್ಲ ಅಂದುಕೊಳ್ಳಿ. ಅದರ ಹನಿ ಚಮಚಕ್ಕೆ ತಾಗಿದರೆ ಚಮಚ ತೊಳೆದು ಬಳಸುತ್ತೀರಿ. ಅದೇ ಚಮಚ ಶೌಚಾಲಯದ ನೆಲಕ್ಕೆ ಬಿದ್ದರೆ? ಕುದಿಯುವ ನೀರಲ್ಲಿ ಅದ್ದಿ ತೆಗೆದರೂ ಬಾಯಿಗಿಡಲು ಮನಸ್ಸು ಬರುವುದಿಲ್ಲ. ಇಷ್ಟ, ಕಷ್ಟ ನಾಲಿಗೆಯ ಮಾತು. ಹೇಸಿಗೆ ಹಾಗಲ್ಲ, ಅದು ಅಂಟಿಕೊಳ್ಳುತ್ತದೆ, ತಾಗಿದ್ದನ್ನೆಲ್ಲ ಕೆಡಿಸುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1955ರಲ್ಲಿ ಹೇಳಿದ್ದು. ಬಾಯಲ್ಲಿರುವ ಎಂಜಲು ನುಂಗಿ. ಏನೂ ಅನ್ನಿಸಲಿಲ್ಲ, ಅಲ್ವಾ? ಈಗ ತೊಳೆದ ಲೋಟಕ್ಕೆ ಉಗುಳಿ, ಅದನ್ನೇ ಕುಡಿಯುವುದನ್ನು ಊಹಿಸಿಕೊಳ್ಳಿ. ಎಂಜಲು ಅದೇ, ಬಾಯಿಯೂ ಅದೇ. ನಡುವೆ ಕಳೆದದ್ದು ಎರಡು ಸೆಕೆಂಡು. ಅಷ್ಟರಲ್ಲಿ 'ನನ್ನದು' ಎಂಬುದು 'ಹೊರಗಿನದು' ಆಗಿಬಿಟ್ಟಿತು.

ಹೇಸಿಗೆ, ಅಸಹ್ಯ, ಜಿಗುಪ್ಸೆ ಎಲ್ಲಾ ಒಂದೇನಾ?

ಬೇರು ಒಂದೇ, ಬಳಕೆ ಬೇರೆ. ಕೊಳೆತದ್ದು, ಕೀವು, ವಾಂತಿ ಕಂಡಾಗ ಹೇಸಿಗೆ. ಯಾರದೋ ನಡತೆ ಕಂಡಾಗ ಹೆಚ್ಚಾಗಿ ಅಸಹ್ಯ. ಜಿಗುಪ್ಸೆ ಇನ್ನೂ ಆಳದ್ದು. ಬದುಕೇ ಬೇಡ ಅನ್ನಿಸಿದವರ ಬಗ್ಗೆ 'ಜೀವನದಲ್ಲಿ ಜಿಗುಪ್ಸೆಗೊಂಡು' ಎಂದು ಬರೆಯುವುದು ನಮ್ಮ ರೂಢಿ. ನಾಟ್ಯಶಾಸ್ತ್ರದಲ್ಲೂ ಬೀಭತ್ಸ ರಸದ ಸ್ಥಾಯಿಭಾವ, ಅಂದರೆ ಅದರ ಮೂಲ ಭಾವ, ಇದೇ ಜುಗುಪ್ಸೆ. ಹೊಟ್ಟೆ ತೊಳಸುವುದಕ್ಕೂ ಬದುಕು ಬೇಸರವಾಗುವುದಕ್ಕೂ ನಂಟಿದೆ ಎಂದು ಭಾಷೆಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಹುಟ್ಟಿದಾಗಲೇ ಬರುತ್ತಾ, ಇಲ್ಲಾ ನಾವು ಮಕ್ಕಳಿಗೆ ಕಲಿಸ್ತೀವಾ?

ಕಹಿಗೆ ಮುಖ ಸಿಂಡರಿಸುವುದು ಹುಟ್ಟಿನಿಂದಲೇ ಇರುತ್ತದೆ. ಹೇಸಿಗೆ ಆಮೇಲೆ ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಝಿನ್ ಮತ್ತು ಜೊತೆಗಾರರು 1986ರಲ್ಲಿ ಪುಟ್ಟ ಮಕ್ಕಳ ಮುಂದೆ ನಾಯಿಯ ಮಲದಂತೆ ಕಾಣುವ ತಿನಿಸು ಇಟ್ಟರು. ಮಾಡಿದ್ದು ಕಡಲೆಕಾಯಿ ಬೆಣ್ಣೆ ಮತ್ತು ಚೀಸ್‌ನಿಂದ. ಎರಡೂವರೆ ವರ್ಷದೊಳಗಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಆರಾಮಾಗಿ ತಿಂದರು. ಅಂಬೆಗಾಲಿಡುವ ಮಗುವನ್ನು ಒಂದು ದಿನ ನೋಡಿಕೊಂಡವರಿಗೆ ಇದೇನು ಆಶ್ಚರ್ಯವಲ್ಲ.

'ನೊಣ ಬಿದ್ದ ಹಾಲು, ನೊಣ ತೆಗೆದರೂ ಬೇಡ' ಎಂಬ ಲೆಕ್ಕ ಗಟ್ಟಿಯಾಗಲು ಐದಾರು ವರ್ಷ ಬೇಕು. ಮಗು ಅದನ್ನು ಹೆಚ್ಚಾಗಿ ಕಲಿಯುವುದು ದೊಡ್ಡವರ ಮುಖ ನೋಡಿ. ಕಲಿಯುವ ಶಕ್ತಿ ಹುಟ್ಟಿನಿಂದ ಬಂದದ್ದು. ಯಾವುದಕ್ಕೆ ಹೇಸಬೇಕು ಎಂಬ ಪಟ್ಟಿಯ ಬಹುಪಾಲು ಸುತ್ತಲಿನವರಿಂದ ಬಂದದ್ದು.

ಇದರಿಂದ ಉಪಯೋಗ ಏನು?

ರೋಗದಿಂದ ದೂರ ಇಡುವುದು. ಮಲ, ಕೀವು, ಹುಳ, ಕೊಳೆತ ಮಾಂಸ, ಇವೆಲ್ಲ ಸೋಂಕು ತರಬಲ್ಲವು. ಸೂಕ್ಷ್ಮಾಣು ಕಣ್ಣಿಗೆ ಕಾಣುವುದಿಲ್ಲ, ಅದರ ಸುಳಿವು ಕಾಣುತ್ತದೆ, ನಾರುತ್ತದೆ. ಬ್ರಿಟನ್ನಿನ ಆರೋಗ್ಯ ಸಂಶೋಧಕಿ ವ್ಯಾಲರಿ ಕರ್ಟಿಸ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 40,000 ಜನ ಚಿತ್ರ ನೋಡಿ ಅಂಕ ಕೊಟ್ಟರು. ಒಂದೇ ಬಗೆಯ ಎರಡು ಚಿತ್ರ, ಒಂದರಲ್ಲಿ ನೀಲಿ ದ್ರವ, ಇನ್ನೊಂದರಲ್ಲಿ ಮೈಯಿಂದ ಸೋರಿದಂತೆ ಕಾಣುವ ದ್ರವ. ರೋಗದ ಸುಳಿವಿದ್ದ ಚಿತ್ರಕ್ಕೇ ಹೆಚ್ಚು ಹೇಸಿದರು. ಮನಶ್ಶಾಸ್ತ್ರಜ್ಞ ಮಾರ್ಕ್ ಶಾಲರ್ ಇದನ್ನು 'ವರ್ತನೆಯ ರೋಗನಿರೋಧಕ ವ್ಯವಸ್ಥೆ' ಎಂದು ಕರೆದರು. ರೋಗ ಮೈಯೊಳಗೆ ಬಂದ ಮೇಲೆ ಹೋರಾಡುವುದು ರಕ್ತದ ಕೆಲಸ. ಬರದಂತೆ ತಡೆಯುವುದು ಹೇಸಿಗೆಯ ಕೆಲಸ.

ಈ ಕಾವಲುಗಾರನಿಗೆ ಅನುಮಾನ ಜಾಸ್ತಿ. ಕೆಡದ್ದನ್ನು ಬಿಸಾಡಿದರೆ ಒಂದು ಹೊತ್ತಿನ ನಷ್ಟ, ಕೆಟ್ಟದ್ದನ್ನು ತಿಂದರೆ ಜೀವಕ್ಕೇ ಕುತ್ತು. ಹಾಗಾಗಿ ಸಣ್ಣ ಸುಳಿವಿಗೂ ಕೂಗುತ್ತಾನೆ.

ಕ್ಲೀನ್ ಆಗಿದೆ ಅಂತ ಗೊತ್ತಿದ್ರೂ ಮನಸ್ಸು ಯಾಕೆ ಒಪ್ಪಲ್ಲ?

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳೇ ಈ ಪ್ರಶ್ನೆ. ರೋಝಿನ್ ಅವರ ತಂಡ ಸತ್ತ ಜಿರಳೆಯನ್ನು ಪೂರ್ತಿ ಕ್ರಿಮಿಶುದ್ಧ ಮಾಡಿ, ಜನರ ಕಣ್ಣೆದುರೇ ಹಣ್ಣಿನ ರಸದಲ್ಲಿ ಅದ್ದಿ ತೆಗೆಯಿತು. ಅಪಾಯ ಏನೂ ಇಲ್ಲ ಎಂದು ಎಲ್ಲರಿಗೂ ಗೊತ್ತು. ಕುಡಿಯಲು ಮಾತ್ರ ಮನಸ್ಸಾಗಲಿಲ್ಲ. ಇನ್ನೊಂದು ಪ್ರಯೋಗ ಇನ್ನೂ ಮಜವಾಗಿದೆ. ಎರಡು ಬಾಟಲಿಗೆ ಜನರ ಮುಂದೆಯೇ ಸಕ್ಕರೆ ಸುರಿದರು. 'ಸಕ್ಕರೆ', 'ಸಯನೈಡ್' ಎಂಬ ಎರಡು ಚೀಟಿ ಅವರ ಕೈಗೇ ಕೊಟ್ಟು, ಯಾವುದಕ್ಕೆ ಯಾವುದು ಬೇಕೋ ಅಂಟಿಸಿ ಅಂದರು. ತಾವೇ ಅಂಟಿಸಿದ 'ಸಯನೈಡ್' ಚೀಟಿಯ ಬಾಟಲಿಯಿಂದ ಸಕ್ಕರೆ ತೆಗೆದುಕೊಳ್ಳಲು ಜನ ಹಿಂಜರಿದರು.

ಇಲ್ಲಿ ಎರಡು ಹಳೆಯ ನಿಯಮ ಕೆಲಸ ಮಾಡುತ್ತಿವೆ. ಒಮ್ಮೆ ತಾಗಿದ್ದು ಯಾವಾಗಲೂ ತಾಗಿದಂತೆಯೇ. ನೋಡಲು ಹಾಗಿದ್ದರೆ ಅದು ಹಾಗೆಯೇ. ಮಾಟ ಮಂತ್ರದ ಹಿಂದಿರುವ ಯೋಚನೆಯೂ ಇದೇ. ಪದವಿ ಪಡೆದ ತಲೆಯಲ್ಲೂ ಇದು ಕೂತಿದೆ. ಅದಕ್ಕೇ 'ಅದರಲ್ಲಿ ಏನೂ ಇಲ್ಲ ಮಾರಾಯ' ಎಂದು ನೂರು ಸಲ ಹೇಳಿದರೂ ಉಪಯೋಗವಾಗುವುದಿಲ್ಲ. ಹೇಸಿಗೆಗೆ ವಾದ ಕೇಳುವ ಕಿವಿಯೇ ಇಲ್ಲ.

ಹೇಸಿಗೆ ಆದಾಗ ಮೈಯಲ್ಲಿ ಏನಾಗುತ್ತೆ?

ಮೂಗು ಮುದುಡುತ್ತದೆ, ಮೇಲ್ದುಟಿ ಏಳುತ್ತದೆ, ಬಾಯಲ್ಲಿ ನೀರು ಬರುತ್ತದೆ, ಹೊಟ್ಟೆ ತೊಳಸುತ್ತದೆ. ಡಾರ್ವಿನ್ 1872ರಲ್ಲೇ ಈ ಮುಖಭಾವವನ್ನು ವಿವರಿಸಿ, ಉಗುಳುವುದಕ್ಕೂ ವಾಂತಿಗೂ ಜೋಡಿಸಿದ್ದರು. ಮಿದುಳಿನಲ್ಲಿ ಇನ್ಸುಲಾ ಎಂಬ ಭಾಗದ ಪಾತ್ರ ದೊಡ್ಡದು. ತಾನೇ ಕೆಟ್ಟ ವಾಸನೆ ಮೂಸಿದಾಗಲೂ, ಬೇರೆಯವರು ಮೂಸಿ ಮುಖ ಸಿಂಡರಿಸುವುದನ್ನು ಕಂಡಾಗಲೂ ಅದರ ಮುಂಭಾಗ ಚುರುಕಾಗುವುದು 2003ರ ಸ್ಕ್ಯಾನ್ ಅಧ್ಯಯನವೊಂದರಲ್ಲಿ ಕಂಡುಬಂತು. ಒಬ್ಬರು 'ವ್ಯಾಕ್' ಅಂದರೆ ಪಕ್ಕದವರಿಗೂ ವಾಕರಿಕೆ ಬರುವುದು ಯಾಕೆ ಎಂಬುದಕ್ಕೆ ಇಲ್ಲೊಂದು ಸುಳಿವಿದೆ.

ಹೊಟ್ಟೆಯೂ ಸುಮ್ಮನೆ ಕೂರುವುದಿಲ್ಲ. 2021ರಲ್ಲಿ ನರವಿಜ್ಞಾನಿ ಕ್ಯಾಮಿಲಾ ನಾರ್ಡ್ ಮತ್ತು ತಂಡ ಕೆಲವರಿಗೆ ಡಾಂಪೆರಿಡೋನ್ ಕೊಟ್ಟಿತು. ವಾಕರಿಕೆಗೆ ಕೊಡುವ ಮಾತ್ರೆ ಅದು, ಜಠರದ ಲಯವನ್ನು ಸರಿಮಾಡುತ್ತದೆ. ಬಹುಮಾನದ ಆಸೆಗೆ ಹೇಸಿಗೆಯ ಚಿತ್ರಗಳನ್ನು ಸ್ವಲ್ಪ ಹೊತ್ತು ನೋಡಿದ ಮೇಲೆ, ಮಾತ್ರೆ ನುಂಗಿದವರು ಮುಂಚಿಗಿಂತ ಕಡಿಮೆ ಕಣ್ಣು ತಪ್ಪಿಸಿದರು. ಹೊಟ್ಟೆ ಶಾಂತವಾದರೆ ಹೇಸಿಗೆಯೂ ಸ್ವಲ್ಪ ಸಡಿಲವಾಗಬಹುದು ಎಂಬುದಕ್ಕೆ ಇದು ಗುರುತು. ಇದು ಚಿಕಿತ್ಸೆಯಲ್ಲ, ನೀವೇ ಮಾತ್ರೆ ನುಂಗಲು ಹೋಗಬೇಡಿ.

ಮನೇಲಿ ಎಲ್ಲರಿಗಿಂತ ನನಗೇ ಯಾಕೆ ಜಾಸ್ತಿ?

ಎರಡು ಬೇರೆ ಸಂಗತಿಗಳನ್ನು ನಾವು ಒಂದೇ ಗಂಟಿಗೆ ಕಟ್ಟುತ್ತೇವೆ. ಕೆಲವರಿಗೆ ಹೇಸಿಗೆ ಬೇಗ ಹುಟ್ಟುತ್ತದೆ. ಕೆಲವರಿಗೆ ಹುಟ್ಟಿದ ಹೇಸಿಗೆಯನ್ನು ತಡೆದುಕೊಳ್ಳಲು ಆಗುವುದಿಲ್ಲ. ಎರಡನೆಯದು ಜಾಸ್ತಿ ಕಾಡುತ್ತದೆ. ದಿನಕ್ಕೆ ಹತ್ತು ಸಲ 'ಛೀ' ಅಂದು ಮುಂದೆ ಹೋಗುವವರು ಆರಾಮಾಗಿರುತ್ತಾರೆ. ಒಂದೇ ಸಲ ಅಂದು ಇಡೀ ದಿನ ಅದರಲ್ಲೇ ಸಿಕ್ಕಿಕೊಂಡವರು ಒದ್ದಾಡುತ್ತಾರೆ.

ಹೇಸಿಗೆ ಅಳೆಯುವ ಪರೀಕ್ಷೆಗಳಲ್ಲಿ ಸರಾಸರಿಯಲ್ಲಿ ಹೆಂಗಸರ ಅಂಕ ಗಂಡಸರಿಗಿಂತ ಹೆಚ್ಚು. ಸಂಬಂಧವೂ ಲೆಕ್ಕಕ್ಕೆ ಬರುತ್ತದೆ. ತಾಯಂದಿರಿಗೆ ಯಾವ ಮಗುವಿನದ್ದು ಎಂದು ಹೇಳದೆ ಡಯಾಪರ್ ಮೂಸಲು ಕೊಟ್ಟಾಗಲೂ ತಮ್ಮ ಕೂಸಿನದ್ದೇ ಕಡಿಮೆ ಹೇಸಿಗೆ ಅನ್ನಿಸಿದ್ದು 2006ರ ಅಧ್ಯಯನವೊಂದರಲ್ಲಿ ದಾಖಲಾಗಿದೆ.

## ಮನಸ್ಸಿನ ಆರೋಗ್ಯಕ್ಕೆ ಸಂಬಂಧಪಟ್ಟವು

ಜೇಡ ಕಂಡ್ರೆ ಕಿರುಚ್ತೀನಿ. ಅದು ಭಯನಾ, ಹೇಸಿಗೆನಾ?

ಎರಡೂ ಇರಬಹುದು. ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಅದು ಕಚ್ಚೀತು ಎಂದು ಹೆದರಿಕೆಯೋ, ಮೈಮೇಲೆ ಹರಿದೀತು ಎಂದು ಮೈ ಜುಮ್ಮೆನ್ನುವುದೋ? ಬಹಳ ಜನರ ಉತ್ತರ ಎರಡನೆಯದು. ಜೇಡದ ಫೋಬಿಯಾ ಇರುವವರಲ್ಲಿ ಹೇಸಿಗೆಯೂ ಹೆಚ್ಚಿರುತ್ತದೆ ಎಂದು 1990ರ ದಶಕದಿಂದ ಹಲವು ಅಧ್ಯಯನಗಳು ತೋರಿಸಿವೆ. ಕಚ್ಚದ ಹಲ್ಲಿಗೂ, ಏನೂ ಮಾಡದ ಬಸವನಹುಳಕ್ಕೂ ಜನ ಹಾರಿ ಬೀಳುವುದನ್ನು ಬರೀ ಭಯದಿಂದ ವಿವರಿಸಲು ಆಗುವುದಿಲ್ಲ.

ಈ ವ್ಯತ್ಯಾಸ ಚಿಕಿತ್ಸೆಗೂ ಬೇಕು. ಭಯ 'ಏನಾದರೂ ಆದೀತು' ಅನ್ನುತ್ತದೆ. ಏನೂ ಆಗಲಿಲ್ಲ ಎಂದು ಕಂಡಾಗ ಇಳಿಯುತ್ತದೆ. ಹೇಸಿಗೆ 'ಇದು ಗಲೀಜು' ಅನ್ನುತ್ತದೆ. ಏನೂ ಆಗದಿದ್ದರೂ ಗಲೀಜು ಗಲೀಜೇ.

ರಕ್ತ ನೋಡಿದ್ರೆ ತಲೆ ಸುತ್ತಿ ಬೀಳ್ತೀನಿ. ನಾನು ಅಷ್ಟು ಪುಕ್ಕಲಾ?

ನನ್ನದೇ ಕಥೆ ಹೇಳುತ್ತೇನೆ. ರಕ್ತ ಪರೀಕ್ಷೆಗೆ ಕೂತಿದ್ದೆ. ಹೆದರಿಕೆ ಏನೂ ಇರಲಿಲ್ಲ, ಮಾತಾಡುತ್ತಲೇ ತೋಳು ಚಾಚಿದೆ. ಸಿರಿಂಜಿನೊಳಗೆ ಕಡುಗೆಂಪು ಏರುವುದು ಕಂಡಿತು. ಬಾಯಲ್ಲಿ ನೀರೂರಿತು. ಕಿವಿಯಲ್ಲಿ ಗುಂಯ್ ಎಂಬ ಸದ್ದು. ಆಮೇಲೆ ನನಗೆ ಕಂಡದ್ದು ಚಾವಣಿಯ ಫ್ಯಾನು. 'ಇಷ್ಟು ದೊಡ್ಡವರಾಗಿ ಹೀಗಾ?' ಎಂದು ಅಲ್ಲಿದ್ದವರು ನಕ್ಕರು. ಬಿದ್ದದ್ದಕ್ಕಿಂತ ಆ ನಗು ಹೆಚ್ಚು ನೋಯಿಸಿತು.

ಇದು ಪುಕ್ಕಲುತನವಲ್ಲ. ಬೇರೆ ಫೋಬಿಯಾಗಳಲ್ಲಿ ಎದೆಬಡಿತ, ರಕ್ತದೊತ್ತಡ ಏರುತ್ತವೆ. ಅಲ್ಲಿ ಪ್ರಜ್ಞೆ ತಪ್ಪುವುದು ಅಪರೂಪ. ರಕ್ತ, ಗಾಯ, ಸೂಜಿಯ ಫೋಬಿಯಾದಲ್ಲಿ ಮೊದಲು ಸ್ವಲ್ಪ ಏರಿ, ಆಮೇಲೆ ಎರಡೂ ಧಡಕ್ಕನೆ ಇಳಿಯುತ್ತವೆ. ಮಿದುಳಿಗೆ ರಕ್ತ ಸಾಲದೆ ಬೀಳುತ್ತೇವೆ. ನೂರರಲ್ಲಿ ಮೂರ್ನಾಲ್ಕು ಜನರಿಗೆ ಈ ಫೋಬಿಯಾ ಇರುತ್ತದೆ. ಭಯದ ಜೊತೆ ಹೇಸಿಗೆಯೂ ಇದರಲ್ಲಿ ಬೆರೆತಿದೆ.

ಉಪಾಯ ಇದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ್ದು. ತೋಳು, ತೊಡೆ, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿಹಿಡಿಯಿರಿ, ಮುಖಕ್ಕೆ ಬಿಸಿ ಏರುವ ತನಕ. ಸಡಿಲಿಸಿ, ಇಪ್ಪತ್ತು ಮೂವತ್ತು ಸೆಕೆಂಡು ಬಿಟ್ಟು ಮತ್ತೆ. ಹೀಗೆ ಐದು ಸಲ. ಇದರಿಂದ ರಕ್ತದೊತ್ತಡ ಮೇಲೇಳುತ್ತದೆ. ಸೂಜಿ ಚುಚ್ಚುವ ತೋಳನ್ನು ಮಾತ್ರ ಸಡಿಲ ಬಿಡಬೇಕು. 'ರಿಲ್ಯಾಕ್ಸ್ ಮಾಡಿ' ಎಂಬ ಸಲಹೆ ಇಲ್ಲಿ ಉಲ್ಟಾ ಹೊಡೆಯಬಹುದು. ಹೃದಯದ ತೊಂದರೆ, ಬಿಪಿ ಇದ್ದವರು, ಬಸುರಿಯರು ಮೊದಲು ಡಾಕ್ಟರನ್ನು ಕೇಳಿ. ನಾನು ಈಗಲೂ ಆ ಕಡೆ ನೋಡುವುದಿಲ್ಲ, ಆದರೆ ಬಿದ್ದಿಲ್ಲ.

ಕೈ ಎಷ್ಟು ತೊಳೆದ್ರೂ ಸಮಾಧಾನ ಇಲ್ಲ. ಇದು ಒಸಿಡಿನಾ?

ಶುಚಿ ಇಷ್ಟಪಡುವುದೆಲ್ಲ ಒಸಿಡಿ, ಅಂದರೆ ಗೀಳು ಕಾಯಿಲೆ, ಅಲ್ಲ. 'ನಂಗೆ ಸ್ವಲ್ಪ ಒಸಿಡಿ' ಎಂದು ನಗುತ್ತಾ ಹೇಳುವವರಿಗೆ ಸಾಮಾನ್ಯವಾಗಿ ಅದು ಇರುವುದಿಲ್ಲ. ಯೋಚನೆ ಬೇಡವೆಂದರೂ ಬರುತ್ತದೆಯೇ, ತೊಳೆಯುವುದು ಬಿಡಲು ಆಗುತ್ತಿಲ್ಲವೇ, ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲೇ ಹೋಗುತ್ತಿದೆಯೇ, ಕೆಲಸ, ಓದು, ಸಂಬಂಧ ಕೆಡುತ್ತಿವೆಯೇ? ಹೌದಾದರೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ನೂರಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ ಇದು. ಅದರಲ್ಲಿ ಮೈಲಿಗೆ, ಸೋಂಕಿನ ಯೋಚನೆ ಬಹಳ ಸಾಮಾನ್ಯ.

ಇಂಥವರ ಕೈ ನೋಡಿದ್ದೀರಾ? ಬೆರಳ ಸಂದಿಯಲ್ಲಿ ಚರ್ಮ ಬಿರಿದು, ಸೋಪು ತಾಗಿದರೆ ಉರಿಯುತ್ತದೆ. ಆದರೂ ನಲ್ಲಿ ನಿಲ್ಲಿಸಲು ಆಗುವುದಿಲ್ಲ. ಕೆಲವರಿಗೆ ರೋಗ ಬಂದೀತೆಂಬ ಭಯವೇ ಇರುವುದಿಲ್ಲ. 'ಏನಾಗುತ್ತೆ ಅಂತ ಹೆದರಿಕೆ?' ಎಂದು ಕೇಳಿದರೆ, 'ಏನೂ ಆಗಲ್ಲ, ಆದರೆ ಅಂಟಿಕೊಂಡಿದೆ' ಅನ್ನುತ್ತಾರೆ. ಅದು ಹೇಸಿಗೆಯ ಒಸಿಡಿ.

ಏನೂ ಮುಟ್ಟಿಲ್ಲ, ಆದ್ರೂ ಮೈಯೆಲ್ಲ ಗಲೀಜು ಅನ್ಸುತ್ತೆ. ನನಗೆ ಹುಚ್ಚಾ?

ಹುಚ್ಚಲ್ಲ. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ರಾಕ್ಮನ್ 1994ರಲ್ಲಿ ಇದನ್ನು ವಿವರಿಸಿದರು. 'ಮನಸ್ಸಿನ ಮೈಲಿಗೆ' ಎಂದು ಕರೆಯಬಹುದು. ಒಂದು ನೆನಪು, ಒಂದು ಬೈಗುಳ, ಮೋಸ ಮಾಡಿದವರ ಮುಖ, ಇಷ್ಟು ಸಾಕು, ಮೈ ಕೊಳೆಯಾದಂತೆ ಅನ್ನಿಸಲು. ಎಲ್ಲಿ ಕೊಳೆ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅದಕ್ಕೇ ತೊಳೆದರೆ ಹೋಗುವುದಿಲ್ಲ.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಲ್ಲಿ ಇದು ಹೆಚ್ಚು. ಮತ್ತೆ ಮತ್ತೆ ಸ್ನಾನ ಮಾಡುತ್ತಾರೆ, ಅಂದು ಹಾಕಿದ್ದ ಬಟ್ಟೆ ಸುಡುತ್ತಾರೆ. ಆಘಾತ ಎಂದರೆ ಬರೀ ಭಯ ಎಂದುಕೊಂಡು ಚಿಕಿತ್ಸೆ ಮಾಡಿದರೆ ಈ ಭಾಗ ಹಾಗೇ ಉಳಿದುಬಿಡಬಹುದು. ಸಲಹೆಗಾರರ ಮುಂದೆ 'ಹೆದರಿಕೆ ಕಡಿಮೆಯಾಗಿದೆ, ಗಲೀಜು ಅನ್ನಿಸುವುದು ಹೋಗಿಲ್ಲ' ಎಂದು ಬಾಯಿಬಿಟ್ಟು ಹೇಳಿ. ಅದು ಅವರಿಗೆ ಬೇಕಾದ ಮಾಹಿತಿ.

ಊಟದ ಮೇಲೇ ಹೇಸಿಗೆ ಬಂದುಬಿಟ್ಟಿದೆ. ಹಟ ಅಂತಾರೆ ಮನೇಲಿ.

ಹಟವೇ ಆಗಬೇಕಿಲ್ಲ. ಕೆಲವರಿಗೆ ತಿನಿಸು ಬಾಯಿಗೆ ತಾಗುವ ರೀತಿಯೇ ಆಗದು, ಲೋಳೆಯಾದದ್ದು ತುಟಿಗೆ ತಾಗಿದರೆ ವಾಕರಿಕೆ. ಕೆಲವರಿಗೆ ವಾಂತಿಯಾದೀತೆಂಬ ಭಯ. ಕೆಲವರಿಗೆ ತಮ್ಮ ಮೈಮೇಲೇ ಹೇಸಿಗೆ. ತೂಕ ಇಳಿಯುತ್ತಿದ್ದರೆ, ತಿನ್ನುವ ಬಗೆಗಳು ಎರಡು ಮೂರಕ್ಕೆ ಬಂದು ನಿಂತಿದ್ದರೆ ಡಾಕ್ಟರರ ಹತ್ತಿರ ಹೋಗಿ. ಬಲವಂತವಾಗಿ ಬಾಯಿಗೆ ತುರುಕಿದರೆ ಹೇಸಿಗೆ ಇನ್ನೂ ಗಟ್ಟಿಯಾಗುತ್ತದೆ.

ನನ್ನ ಮೇಲೇ ನನಗೆ ಅಸಹ್ಯ. ಇದು ಡಿಪ್ರೆಶನ್ನಾ?

ಜೊತೆಜೊತೆಗೆ ಇರುತ್ತವೆ. ತಪ್ಪು ಮಾಡಿದೆ ಅನ್ನಿಸುವುದು ಪಶ್ಚಾತ್ತಾಪ. ಜನ ಏನಂದಾರು ಅನ್ನಿಸುವುದು ನಾಚಿಕೆ. ಇದು ಬೇರೆ. ಇಲ್ಲಿ ತನ್ನನ್ನೇ ಕೊಳೆತ ವಸ್ತುವಿನಂತೆ ನೋಡುವುದು. ಕನ್ನಡಿ ತಪ್ಪಿಸುತ್ತಾರೆ. ಫೋಟೋದಲ್ಲಿ ಅಂಚಿಗೆ ಸರಿಯುತ್ತಾರೆ. ಯಾರಾದರೂ ಹತ್ತಿರ ಬಂದರೆ ಅವರಿಗೂ ತನ್ನ ಗಲೀಜು ಅಂಟೀತೆಂದು ದೂರ ಸರಿಯುತ್ತಾರೆ. ಹೇಸಿಗೆ ಹೊರಗಿನ ವಸ್ತುವಿನ ಮೇಲಿದ್ದರೆ ಎದ್ದು ಹೋಗಬಹುದು. ತನ್ನ ಮೇಲೇ ಬಂದರೆ ಎಲ್ಲಿಗೆ ಹೋಗುವುದು?

ಸ್ವಂತದ ಮೇಲಿನ ಈ ಹೇಸಿಗೆಗೂ ಖಿನ್ನತೆಗೂ, ತನ್ನನ್ನು ನೋಯಿಸಿಕೊಳ್ಳುವುದಕ್ಕೂ, ಸಾಯುವ ಯೋಚನೆಗೂ ನಂಟಿರುವುದನ್ನು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. 'ಜೀವನದಲ್ಲಿ ಜಿಗುಪ್ಸೆ' ಎಂಬ ಸವೆದ ಮಾತನ್ನು ನಾನು ಈಗ ಹಗುರವಾಗಿ ಓದುವುದಿಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ ಒಬ್ಬರಿಗೆ ಹೇಳಿ. ಮನೆಯವರು, ಗೆಳೆಯರು, ಡಾಕ್ಟರು, ಸಹಾಯವಾಣಿ, ಯಾರಾದರೂ ಸರಿ. ಹತ್ತಿರ ಬಂದವರಿಗೆ ಏನೂ ಅಂಟುವುದಿಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ಹೇಸಿಗೆಗೆ ಚಿಕಿತ್ಸೆ ಇದೆಯಾ, ಅಥವಾ ಹಣೆಬರಹ ಅಂತ ಬಿಡಬೇಕಾ?

ಇದೆ. ತಾಳ್ಮೆ ಬೇಕು. ಒಸಿಡಿಗೆ ಹೆಚ್ಚು ಬಳಸುವ ದಾರಿ ಇದು: ಹೇಸಿಗೆ ಹುಟ್ಟಿಸುವ ವಸ್ತುವಿಗೆ ಹಂತಹಂತವಾಗಿ ಹತ್ತಿರವಾಗುವುದು, ಆಮೇಲೆ ತೊಳೆಯದೆ ಇರುವುದು. 1966ರಲ್ಲಿ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಇಬ್ಬರು ರೋಗಿಗಳ ಮೇಲೆ ಮಾಡಿ ತೋರಿಸಿದ ದಾರಿ. ಮೊದಲ ದಿನ ಬಾಗಿಲ ಹಿಡಿಕೆಗೆ ಒಂದು ಬೆರಳು. ಮುಂದೆ ಇಡೀ ಅಂಗೈ. ಆಮೇಲೆ ಅದೇ ಕೈಯಲ್ಲಿ ಸ್ವಂತ ದಿಂಬು ಮುಟ್ಟುವುದು. ಈ ಕೊನೆಯದು ಸುಲಭ ಅಂದುಕೊಳ್ಳಬೇಡಿ. ಒಸಿಡಿ ಇದ್ದವರಿಗೆ ದಿಂಬೇ ಕೊನೆಯ ಕೋಟೆ.

ಭಯ ಬೇಗ ಇಳಿಯುತ್ತದೆ, ಹೇಸಿಗೆ ನಿಧಾನ. ನಾಲ್ಕು ದಿನ ಮಾಡಿ 'ನನಗೆ ಕೆಲಸ ಮಾಡಲಿಲ್ಲ' ಎಂದು ಬಿಡುವವರು ಹೆಚ್ಚಾಗಿ ಇಲ್ಲೇ ಸೋಲುತ್ತಾರೆ. ಪೂರ್ತಿ ಹೋಗಬೇಕೆಂದೂ ಇಲ್ಲ. ಹೇಸಿಗೆ ಇದ್ದೂ ಬಾಗಿಲು ತೆರೆಯಲು ಆದರೆ ಸಾಕು. ಮನಸ್ಸಿನ ಮೈಲಿಗೆ, ಸ್ವಂತದ ಮೇಲಿನ ಹೇಸಿಗೆ ಇದ್ದರೆ ಬರೀ ಮುಟ್ಟಿಸುವುದು ಸಾಲದು. ಆ ನೆನಪಿನ ಅರ್ಥವನ್ನು ಸಲಹೆಗಾರರ ಜೊತೆ ಕೂತು ಬಿಡಿಸಬೇಕು. ಒಸಿಡಿ, ಖಿನ್ನತೆಗೆ ಔಷಧಗಳೂ ಇವೆ.

ಮನೆಯವರು ಸಹಾಯ ಮಾಡೋದು ಹೇಗೆ?

ನಗಬೇಡಿ, ವಾದಿಸಬೇಡಿ. ಅವರ ಬದಲು ನೀವು ಬಾಗಿಲು ತೆರೆಯುವುದು, 'ಕ್ಲೀನಾಗಿದೆಯಾ?' ಎಂದು ಕೇಳಿದಾಗಲೆಲ್ಲ ಹೂಂ ಅನ್ನುವುದು ಪ್ರೀತಿಯಂತೆ ಕಾಣುತ್ತದೆ, ಕಾಯಿಲೆಗೆ ಗೊಬ್ಬರವಾಗುತ್ತದೆ. ಹಾಗೆಂದು ಒಂದೇ ದಿನ ಎಲ್ಲ ನಿಲ್ಲಿಸಿದರೆ ಜಗಳ ಗ್ಯಾರಂಟಿ. ಚಿಕಿತ್ಸಕರ ಜೊತೆ ಮಾತಾಡಿ, ಅವರೂ ಒಪ್ಪಿ, ಒಂದೊಂದಾಗಿ ಕಡಿಮೆ ಮಾಡಿ.

ಮೋಸಗಾರರನ್ನ ಕಂಡ್ರೂ ಅಸಹ್ಯ ಆಗುತ್ತಲ್ಲ. ಅದೂ ಇದೇನಾ?

ಸ್ವಲ್ಪ ಹೌದು. 2009ರ ಒಂದು ಅಧ್ಯಯನದಲ್ಲಿ ಹಣ ಹಂಚುವ ಆಟದಲ್ಲಿ ಅನ್ಯಾಯವಾದಾಗ, ಕಹಿ ಕುಡಿದಾಗ ಏಳುವ ಅದೇ ಮೇಲ್ದುಟಿಯ ಸ್ನಾಯು ಎದ್ದಿತು. ಆದರೆ ಈ ಕ್ಷೇತ್ರದಲ್ಲಿ ಸದ್ದು ಮಾಡಿದ ಎಲ್ಲವನ್ನೂ ನಂಬಬೇಡಿ. ಕೆಟ್ಟ ಕೆಲಸ ನೆನೆದವರು ಕೈ ತೊಳೆಯಲು ಹಾತೊರೆಯುತ್ತಾರೆ ಎಂಬ 2006ರ ಪ್ರಯೋಗ ಜಗತ್ತೆಲ್ಲ ಸುತ್ತಿತು. ಬೇರೆಯವರು ಮತ್ತೆ ಮಾಡಿ ನೋಡಿದಾಗ ಹಲವು ಸಲ ಆ ಫಲ ಸಿಗಲಿಲ್ಲ.

ನನಗೆ ಹೆಚ್ಚು ಕಳವಳ ತರುವುದು ಇನ್ನೊಂದು. ಒಂದು ಗುಂಪಿನ ಜನರನ್ನು ಹೇನು, ಇಲಿ, ಕೊಳೆ ಎಂದು ಕರೆದರೆ ಹೇಸಿಗೆ ಅವರಿಗೂ ಅಂಟುತ್ತದೆ. ನಾಝಿ ಪ್ರಚಾರ ಯಹೂದಿಗಳಿಗೆ ಮಾಡಿದ್ದು ಅದನ್ನೇ. ಚೀಟಿ ಅಂಟಿಸಿದ ಸಕ್ಕರೆಯ ಬಾಟಲಿಯನ್ನು ನೆನಪಿಸಿಕೊಳ್ಳಿ.

ಹೇಸಿಗೆ ಇಷ್ಟಪಟ್ಟು ನೋಡೋರೂ ಇದ್ದಾರಲ್ಲ, ಮೊಡವೆ ಒಡೆಯೋ ವಿಡಿಯೋ?

ಮೈ ಕೂಗುತ್ತದೆ, ಅಪಾಯವಿಲ್ಲ ಎಂದು ಮನಸ್ಸಿಗೆ ಗೊತ್ತಿರುತ್ತದೆ. ಆ ಎಳೆದಾಟವೇ ಮಜಾ. ಕಣ್ಣೀರು ಬರುವ ಖಾರ, ಎದೆ ಜಗ್ಗೆನ್ನುವ ಜೋಕಾಲಿ ಕೂಡ ಹೀಗೆಯೇ. ಕೆಲಸ ಕೆಡದಿದ್ದರೆ ನೋಡಿಕೊಳ್ಳಿ.

ಹೇಸಿಗೆಯೇ ಇಲ್ಲದವರು ಇದ್ದಾರಾ?

ಪೂರ್ತಿ ಇಲ್ಲದವರ ಬಗ್ಗೆ ಹೇಳಲಾರೆ, ಆದರೆ ಬೇರೆಯವರ ಹೇಸಿಗೆ ತಿಳಿಯದವರು ಇದ್ದಾರೆ. ಹಂಟಿಂಗ್ಟನ್ ಎಂಬ, ಮಿದುಳನ್ನು ನಿಧಾನವಾಗಿ ಕೆಡಿಸುವ ವಂಶಪಾರಂಪರ್ಯ ಕಾಯಿಲೆ ಇರುವ ಅನೇಕರಿಗೆ ಬೇರೆಯವರ ಮುಖದ ಹೇಸಿಗೆಯನ್ನು ಗುರುತಿಸುವುದು ಬೇರೆ ಭಾವಗಳಿಗಿಂತ ಕಷ್ಟ ಎಂದು 1996ರಲ್ಲಿ ವರದಿಯಾಯಿತು. ಇನ್ಸುಲಾ ಹಾನಿಯಾದ ಒಬ್ಬ ರೋಗಿಯಲ್ಲೂ ಇಂಥದ್ದೇ ತೊಂದರೆ 2000ದಲ್ಲಿ ದಾಖಲಾಯಿತು. ಅವರಿಗೆ ಮುಖದ ಹೇಸಿಗೆ ತಿಳಿಯುತ್ತಿರಲಿಲ್ಲ, 'ವ್ಯಾಕ್' ಎಂಬ ಸದ್ದಿನಲ್ಲೂ ತಿಳಿಯುತ್ತಿರಲಿಲ್ಲ. ಇಂಥ ರೋಗಿಯ ಎದುರು ಊಟಕ್ಕೆ ಕೂತವರು ಮುಖ ಸಿಂಡರಿಸಿದರೆ ರೋಗಿಗೆ ಆ ಸುದ್ದಿ ಮುಟ್ಟುವುದೇ ಇಲ್ಲ. 'ಎಷ್ಟು ಸಲ ಮುಖ ಮಾಡಿದರೂ ಅರ್ಥ ಮಾಡಿಕೊಳ್ಳಲ್ಲ' ಎಂದು ಬೇಜಾರು ಮಾಡಿಕೊಳ್ಳುವ ಮೊದಲು, ಬಾಯಿಬಿಟ್ಟು ಹೇಳಿ ನೋಡಿ.